ಬೆಂಚಿಗೆ ಕಾವು ಕೊಟ್ಟವನ ವರದಿ

ಮಹಾಮಹಿಮ ಕೋಚ್ ಸಾಹೇಬರ ಸನ್ನಿಧಿಗೆ,

ಆಟದ ವಿಷಯ ಮಾತಾಡುವಾಗ ಅಪ್ಪ ಎನ್ನಕೂಡದೆಂಬ ತಮ್ಮ ಆಜ್ಞೆಯನ್ನು ತಾವು ಸತ್ತ ಮೇಲೂ ಪಾಲಿಸುತ್ತಿದ್ದೇನೆ. ಈ ಸಲವಾದರೂ ನಡುವೆ ಸೀಟಿ ಊದಲಾರಿರಿ ಎಂಬ ಧೈರ್ಯದಿಂದ ವರದಿ ಒಪ್ಪಿಸುತ್ತೇನೆ.

ಇವತ್ತು ಬಾಸ್ಕೆಟ್‌ಬಾಲ್ ಕೋರ್ಟಿಗೆ ನಿಮ್ಮ ಹೆಸರಿಟ್ಟರು. ನೀವು ಆಡುವ ಕಾಲದಲ್ಲಿ ಗೆದ್ದ ಚಾಂಪಿಯನ್ ಕಪ್ಪನ್ನು ಅಮ್ಮ ತಿಕ್ಕಿ ತಿಕ್ಕಿ ಹೊಳೆಯಿಸಿ ತಂದಿದ್ದಳು. ಕ್ಲಬ್ಬಿನ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಎಂಥಾ ನ್ಯಾಯವಂತರು ಅಂದ್ರೆ, ಜನ ಆಡ್ಕೋಬಾರ್ದು ಅಂತ ಸ್ವಂತ ಮಗನ್ನ ಒಂದು ಮ್ಯಾಚೂ ಆಡಿಸ್ಲಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಮೈಕು ನನ್ನ ಕೈಗೆ ಬಂತು. "ಕೋರ್ಟಿಗೆ ಕೋಚ್ ಹೆಸರಾಯ್ತು, ಬೆಂಚಿಗೆ ನನ್ನ ಹೆಸರಿಡಿ. ಇಷ್ಟು ವರ್ಷ ಕಾವು ಕೊಟ್ಟಿದ್ದೀನಿ, ಮರಿಯಾಗೋದೊಂದೇ ಬಾಕಿ" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಅಮ್ಮ ನಗಲಿಲ್ಲ.

ಮೊದಲ ಚೆಂಡು ಎಸೆಯಲು ನನ್ನನ್ನೇ ಕರೆದರು. ಅದು ರಿಂಗಿಗೂ ತಾಗದೆ ಬಲೆಯೊಳಗೆ ಇಳಿಯಿತು. ನಿಮ್ಮ ಮೆಚ್ಚಿನ ಕ್ಯಾಪ್ಟನ್ ಹತ್ತಿರ ಬಂದು, "ಲೋ, ನಿಂಗೆ ಇಷ್ಟು ಚೆನ್ನಾಗಿ ಬರುತ್ತಾ? ಕೋಚ್‌ಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತಣ್ಣ. ಎದುರಾಳಿಗಳಿಗೆ ತಿಳೀಬಾರ್ದು ಅಂತ ಗುಟ್ಟಾಗಿ ಇಟ್ಟಿದ್ರು."

ಮನೆಗೆ ಬಂದ ಕೂಡಲೇ ಅಮ್ಮ, "ಸೆಕೆಗೆ ಬೆವರ್ತಿದ್ದೀಯ, ಆ ಕೋಟು ತೆಗಿಯೋ" ಎಂದಳು. ಅವಳು ಒಳಗೆ ಹೋಗುವವರೆಗೂ ತೆಗೆಯಲಿಲ್ಲ. ಕೋಟಿನೊಳಗೆ ತಂಡದ ಜೆರ್ಸಿ ಹಾಕಿಕೊಂಡಿದ್ದೆ. ಬೆಂಚಿನಲ್ಲಿದ್ದಾಗ ಮೇಲಂಗಿಯ ಗುಂಡಿ ಬಿಚ್ಚಿಕೊಂಡೇ ಕೂರುತ್ತಿದ್ದೆನಲ್ಲ, ಅದೇ ಅಭ್ಯಾಸ.

ನೀವು ಕರೆದರೆ ತಡವಾಗಬಾರದಲ್ಲ, ಅಪ್ಪ.