ನಡುವೆ ಹುಲ್ಲು ಬೆಳೆದ ರಸ್ತೆ

ಲಾ ರೋಶೆತ್, ಮಾಕೋನ್ ಹತ್ತಿರ
ಏಪ್ರಿಲ್ ೧೪, ಭಾನುವಾರ ಸಂಜೆ

ಪ್ರೀತಿಯ ಓಡೀಲ್,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಅಕ್ಕ ಮಾರ್ತ್‌ಗೂ ನನ್ನ ನಮಸ್ಕಾರ ತಿಳಿಸು, ಆಕೆಗೆ ಬೇಕಿದ್ದರೆ.

ನಿನ್ನ ಕಾರ್ಡು ಬಂದಾಗ ಇಲ್ಲಿ ತೋಟಗಳಲ್ಲಿ ಕತ್ತರಿಸಿದ ದ್ರಾಕ್ಷಿ ಕಡ್ಡಿಗಳನ್ನು ಸುಡುತ್ತಿದ್ದರು. ಈಗ ಬಳ್ಳಿಗಳಲ್ಲಿ ಇಲಿಯ ಕಿವಿಯಷ್ಟು ಎಲೆ ಮೂಡಿದೆ. ಇಷ್ಟು ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು ಎಂದು ಬರೆಯಬಹುದಿತ್ತು. ಆದರೆ ವೈನ್ ಸಹಕಾರಿ ಸಂಘದ ನೆಲಮಾಳಿಗೆಯಲ್ಲಿ ಈ ಕಾಲದಲ್ಲಿ ಎಷ್ಟು ಕೆಲಸವಿರುತ್ತದೆ ಎಂದು ನಿನಗೆ ಗೊತ್ತು: ಪೀಪಾಯಿಗಳು ಮಲಗಿರುತ್ತವೆ, ನಾವೂ ಹೆಚ್ಚುಕಡಿಮೆ ಹಾಗೆಯೇ.

ಕಾರ್ಡಿನ ಒಂದು ಬದಿಗೆ ನೀನೀಗ ಇರುವ ದಿಯೆಪ್‌ನ ಸಮುದ್ರ, ಇನ್ನೊಂದು ಬದಿಗೆ ಒಂದೇ ಸಾಲು. “ಆ ಭಾನುವಾರ ನಾನು ಹಿಂದೆ ಇಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?” ಕುಶಲವಿಲ್ಲ, ಹವೆಯ ಸುದ್ದಿಯಿಲ್ಲ, ಕೊನೆಗೊಂದು ಮುತ್ತೂ ಇಲ್ಲ. ಕಾರ್ಡನ್ನು ಬ್ರೆಡ್ಡಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ, ಸಮುದ್ರದ ಬದಿ ಕಾಣುವ ಹಾಗೆ. ಉತ್ತರ ಬರೆಯುತ್ತೇನೆ, ಓಡೀಲ್. ಅದಕ್ಕೇ ಕೂತಿದ್ದೇನೆ. ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ನೀನು ಕೇಳಿಲ್ಲ, ನಿಜ. ಕೇಳದೆ ಹೇಳುವುದು ನನ್ನ ಹಳೆಯ ಚಾಳಿ.

ನಿನ್ನ ನೀಲಿ ಸೈಕಲ್ಲು ನಿನ್ನ ಜೊತೆಗೇ ರೈಲು ಹತ್ತಿತಲ್ಲ, ಗ್ಯಾರೇಜಿನಲ್ಲಿ ಅದರ ಕೊಕ್ಕೆ ಖಾಲಿಯಿತ್ತು. ಈರುಳ್ಳಿ ಗೊಂಚಲು ನೇತುಹಾಕಿದೆ. ಈಗ ಗ್ಯಾರೇಜಿಗೆ ಹೋದಾಗಲೆಲ್ಲ ಕಣ್ಣಲ್ಲಿ ನೀರು ಬಂದರೆ ಹೇಳಿಕೊಳ್ಳಲು ಒಂದು ಕಾರಣ ಇದೆ.

ಚರ್ಚಿನ ಕೆಳಗಿನ ತೋಟದ ಬೆರ್ನಾಡೆತ್ ಅಜ್ಜಿ ಚೆನ್ನಾಗಿದ್ದಾಳೆ, ಅಂದರೆ ನಾಲಿಗೆ ಚೆನ್ನಾಗಿದೆ. ಹೋದ ತಿಂಗಳು ಮಳೆ ನಿಂತ ಬೆಳಿಗ್ಗೆ ಬಳ್ಳಿ ಬಗ್ಗಿಸಿ ತಂತಿಗೆ ಕಟ್ಟುತ್ತಿದ್ದಳು. ನಾನು ಅತ್ತ ಕಡೆಯಿಂದ ಸೈಕಲ್ಲಿನಲ್ಲಿ ಬಂದೆ.

“ಏನಪ್ಪಾ ರೆಜಿಸ್, ಹೆಂಡ್ತಿ ಯಾವಾಗ ಬರ್ತಾಳೆ?”

“ಅವಳ ಅಕ್ಕನ ಮಂಡಿ ಆಪರೇಶನ್ ಆಗಿದೆಯಲ್ಲ ಅಜ್ಜಿ. ನೋಡ್ಕೊಳ್ಳೋರು ಬೇಕು.”

“ಅಕ್ಟೋಬರಿಂದಾನಾ? ಅಷ್ಟೊತ್ತಿಗೆ ಹೊಸ ಮಂಡೀನೇ ಬೆಳೀತಿತ್ತು.”

ನಾನು ನಕ್ಕೆ. ಅವಳು ನಗಲಿಲ್ಲ. ಬಾಯಲ್ಲಿದ್ದ ಕಟ್ಟುವ ದಾರ ತೆಗೆದು ಇನ್ನೊಂದು ಮಾತು ಕೇಳಿದಳು. “ಅಲ್ಲಯ್ಯಾ, ಹೋದ ವಾರ ನಮ್ಮ ತೋಟದ ಪಕ್ಕ ಹೋಗ್ತಿದ್ದಾಗ ಕೈ ಕೆಳಗೆ ಮಾಡಿ ಗುಂಡಿ ತೋರಿಸ್ತಿದ್ಯಲ್ಲ, ಯಾರಿಗೆ? ಹಿಂದೆ ಒಂದು ನಾಯೀನೂ ಇರ್ಲಿಲ್ಲ.”

“ಅಭ್ಯಾಸ ಅಜ್ಜಿ.”

“ಅಭ್ಯಾಸ ನಂಗೂ ಇದೆ. ಯಜಮಾನರು ಹೋದಮೇಲೂ ಊಟಕ್ಕೆ ಎರಡು ಲೋಟ ಇಡ್ತೀನಿ. ಆದ್ರೆ ಮನೆ ಒಳಗೆ ಇಡ್ತೀನಿ, ನಿನ್ ಥರ ಬೀದೀಲಲ್ಲ. ಎರಡನೇ ಲೋಟಾನೂ ನಾನೇ ಕುಡಿದು ಮಲಕ್ಕೋತೀನಿ.”

ಹೌದು, ಓಡೀಲ್, ಕೈ ನಿಲ್ಲುವುದಿಲ್ಲ. ಗುಂಡಿ ಬಂದರೆ ಬೆರಳು, ಜಲ್ಲಿ ಬಂದರೆ ಅಂಗೈ, ನಿಲ್ಲಬೇಕಾದರೆ ಮೇಲೆತ್ತಿದ ಕೈ. ಎದುರುಗಾಳಿಯನ್ನು ಮುಂದಿನವನು ಎದೆಗೆ ತೆಗೆದುಕೊಳ್ಳಬೇಕು, ದಾರಿಯ ಕೆಡುಕನ್ನು ಹಿಂದಿನವರಿಗೆ ಕೈಯಿಂದ ಹೇಳಬೇಕು. ನಾವು ಪ್ರೀತಿ ಮಾಡುತ್ತಿದ್ದ ದಿನಗಳಲ್ಲಿ ಸೈಕಲ್ ಕ್ಲಬ್ಬಿನ ಹಿರಿಯರು ನನಗೆ ಕಲಿಸಿದ್ದು ಇಷ್ಟೇ. ಅದಕ್ಕಿಂತ ಹೆಚ್ಚು ಮರ್ಯಾದೆ ಹೆಂಡತಿಗೆ ಇನ್ನೇನಿದೆ ಎಂದು ನಾನು ತಿಳಿದಿದ್ದೆ. ನೀನು ಅಡುಗೆಮನೆಯಲ್ಲಿ ಸಾಸಿವೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದ್ದೆಯಲ್ಲ, “ಬರ್ಗಂಡಿ ಸೀಮೆ ಹೇಗಿದೆ ಅಂತ ಯಾರಾದ್ರೂ ಕೇಳಿದ್ರೆ ನಿನ್ನ ಬೆನ್ನು ಇದ್ದ ಹಾಗಿದೆ ಅಂತೀನಿ. ನಾನು ನೋಡಿರೋದು ಅದೊಂದೇ.” ನನಗೆ ಅದು ಎಷ್ಟು ಹಿಡಿಸಿತೆಂದರೆ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ನಕ್ಕರು. ನೀನೂ ಅಲ್ಲೇ ಇದ್ದೆ. ನಕ್ಕೆಯೋ ಇಲ್ಲವೋ ನೆನಪಿಲ್ಲ.

ಮೂರು ವಾರದ ಹಿಂದೆ ಒಂದು ಸಂಗತಿ ನಡೆಯಿತು. ಬೆಟ್ಟದ ಹಿಂದಿನ ದಾರಿಯಲ್ಲಿ ಹೋಗುತ್ತಿದ್ದೆ. ಗಾಳಿ ಎದುರಿಗಿತ್ತು. ಹಿಂದೆ ಸರಪಳಿಯ ಸಣ್ಣ ಸದ್ದು ಕೇಳಿಸಿತು, ನಿನ್ನ ಸೈಕಲ್ಲಿನದರ ಹಾಗೆಯೇ, ಎಣ್ಣೆ ಕಾಣದ ಸದ್ದು. ನಾನು ತಿರುಗಲಿಲ್ಲ. ತಿರುಗದಿರುವವರೆಗೆ ಅದು ಯಾರದ್ದಾದರೂ ಆಗಿರಬಹುದಲ್ಲ. ಗುಂಡಿಗಳನ್ನು ತೋರಿಸುತ್ತಾ ಮುಂದಿನ ಊರಿನ ಸ್ಮಶಾನದವರೆಗೆ ಹೋದೆ. ಯಾವಾಗಲೂ ನೀರು ಹಿಡಿಯುವುದು ಅಲ್ಲಿಯೇ. ಸಮಾಧಿಯ ಹೂವಿಗೆಂದು ಇಟ್ಟ ನಲ್ಲಿ, ಬಾಟಲಿ ತುಂಬಿಕೊಂಡರೆ ಒಳಗಿರುವವರು ಯಾಕೆಂದು ಕೇಳುವುದಿಲ್ಲ. ಇಳಿದು ನೋಡಿದರೆ ಹಾಲೆಂಡಿನ ಹೆಂಗಸು, ನಮ್ಮದೇ ವಯಸ್ಸು, ಹೆಸರು ಆನ್ನೆಕ. ತಡೆ ತಡೆದು ನಮ್ಮ ಭಾಷೆ ಆಡುತ್ತಾಳೆ.

“ನಿಮ್ಮ ಕೈ ತುಂಬಾ ಒಳ್ಳೇದು,” ಎಂದಳು. “ಎಲ್ಲಾ ಹೇಳುತ್ತೆ. ಮುಖ ಈಗ ನೋಡಿದೆ.”

“ಮುಖಕ್ಕಿಂತ ಕೈ ವಾಸಿ,” ಎಂದೆ.

“ಹೌದು,” ಎಂದಳು. ಹಾಲೆಂಡಿನವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ನಂತರ, “ಈಗ ನಾನು ಮುಂದೆ. ನಿಮಗೆ ವಿಶ್ರಾಂತಿ,” ಎಂದು ಹೊರಟೇಬಿಟ್ಟಳು.

ನಾನು ಯಾರ ಹಿಂದೆಯೂ ಹೋದವನಲ್ಲ. ಆಕೆಯ ಸೀಟಿನ ಕೆಳಗೆ ಒಂದು ಹಳದಿ ಚೀಲ, ಅದರ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಆ ಚೀಲದ ಬಗ್ಗೆ ನಾನೀಗ ಒಂದು ಪ್ರಬಂಧ ಬರೆಯಬಲ್ಲೆ. ಗಾಳಿ ತಾಗಲಿಲ್ಲ, ಅದು ನಿಜ, ಹಾಸಿಗೆಯಲ್ಲಿ ಕೂತ ಹಾಗಿತ್ತು. ಆದರೆ ಚಕ್ರಕ್ಕೆ ಚಕ್ರ ತಾಗಬಾರದೆಂದು ಕಣ್ಣು ಕೀಳುವ ಹಾಗಿಲ್ಲ. ಮುಂದಿನ ಊರಿನಲ್ಲಿ ಆಕೆ ಕೈ ಬೀಸಿ ಹೋದಳು. ಆಮೇಲೆ ಗೊತ್ತಾಯಿತು: ದಾರಿಯಲ್ಲಿ ಜರ್ದಾಳು ಮರಗಳು ಹೂಬಿಟ್ಟಿದ್ದುವಂತೆ. ನಮ್ಮೂರಿನ ಬೇಕರಿಯವನು ಹೇಳಿದ.

ಅಂದಿನಿಂದ ಭಾನುವಾರಗಳಲ್ಲಿ ಒಂದು ಹುಡುಕಾಟ ಹಿಡಿದಿದ್ದೇನೆ. ಇಬ್ಬರು ಪಕ್ಕಪಕ್ಕದಲ್ಲಿ ಹೋಗಬಹುದಾದ ದಾರಿ. ಕೇಳಲು ಸುಲಭ. ಹೆದ್ದಾರಿ ಬಿಡು, ಲಾರಿಯವರು ಒಬ್ಬನನ್ನೇ ಸಹಿಸುವುದಿಲ್ಲ. ಹಳೆಯ ರೈಲು ಹಳಿ ತೆಗೆದು ಮಾಡಿದ ಸೈಕಲ್ ದಾರಿ ಅಗಲವಾಗಿದೆ, ಆದರೆ ಅಲ್ಲಿ ಸಂಸಾರಗಳ ಸಂತೆ. ನದಿಯ ದಂಡೆಯಲ್ಲಿ ಗಾಳಿಯ ದಂಡಯಾತ್ರೆ. ಕ್ಲಬ್ಬಿನವರು ಹೋಗುವ ದಾರಿಯಲ್ಲಿ ಕ್ಲಬ್ಬಿನವರು ಇರುತ್ತಾರೆ. ಎಷ್ಟೋ ಕವಲುಗಳಲ್ಲಿ ಒಳಹೊಕ್ಕು, ಯಾರದೋ ಕೋಳಿಗೂಡಿನ ಮುಂದೆ ನಿಂತು, ಬೈಸಿಕೊಂಡು ತಿರುಗಿ ಬಂದಿದ್ದೇನೆ.

ಇವತ್ತು ಸಿಕ್ಕಿತು. ಛಾವಣಿ ಬಿದ್ದ ಪ್ರಾರ್ಥನಾಮಂದಿರ ಇದೆಯಲ್ಲ, ಅದರ ಹಿಂದೆ ಕಲ್ಲಿನ ಗೋಡೆ ಮುಗಿಯುವಲ್ಲಿ ಎಡಕ್ಕೆ ಇಳಿಯುತ್ತದೆ. ಎರಡೂ ಕಡೆ ದ್ರಾಕ್ಷಿ, ಸಾಲಿನ ತುದಿಗಳಲ್ಲಿ ಗುಲಾಬಿ ಗಿಡ. ಡಾಂಬರು ಹಾಕಿ ಮರೆತುಬಿಟ್ಟ ರಸ್ತೆ. ಟ್ರ್ಯಾಕ್ಟರಿನ ಚಕ್ರ ಓಡಿದ ಎರಡು ಪಟ್ಟಿ ನುಣುಪಾಗಿವೆ, ನಡುವೆ ಉದ್ದಕ್ಕೂ ಹುಲ್ಲು ಬೆಳೆದಿದೆ. ಎಡಪಟ್ಟಿಗೆ ಒಬ್ಬರು, ಬಲಪಟ್ಟಿಗೆ ಒಬ್ಬರು. ಮುಂದೆ ಎಂಬುದಿಲ್ಲ, ಹಿಂದೆ ಎಂಬುದಿಲ್ಲ. ನಾನು ಎಡಪಟ್ಟಿಯಲ್ಲಿ ಇಳಿದೆ. ಏರಿಕೊಂಡು ಬರುವಾಗ ಇನ್ನೊಂದು ಪಟ್ಟಿಯಲ್ಲಿ ಬಂದೆ, ಎರಡನ್ನೂ ಪರೀಕ್ಷೆ ಮಾಡಬೇಕಲ್ಲ. ಬಲಗಡೆಯದು ಚೆನ್ನಾಗಿದೆ, ಕಣಿವೆ ಪೂರ್ತಿ ಕಾಣುತ್ತದೆ. ಅದು ನಿನಗೆ. ಒಂದು ಟ್ರ್ಯಾಕ್ಟರು ಕೂಡ ಎದುರಾಗಲಿಲ್ಲ. ಇಡೀ ದಾರಿ ನಾನೊಬ್ಬನೇ, ಪಕ್ಕದ ಪಟ್ಟಿಯಲ್ಲಿ ನನ್ನ ನೆರಳು. ಅದು ನನಗಿಂತ ಚೆನ್ನಾಗಿ ಪೆಡಲು ತುಳಿಯುತ್ತದೆ.

ಮೇ ಒಂದರಂದು ರಜೆಯಿದೆ. ಆ ದಿನ ಎಲ್ಲರೂ ಒಬ್ಬರಿಗೊಬ್ಬರು ಕೊಡುವ ಆ ಬಿಳಿಗಂಟೆ ಹೂವು ನಮ್ಮ ಬಾವಿಯ ಪಕ್ಕ ಮೊಗ್ಗು ಬಿಟ್ಟಿದೆ. ಮಾಕೋನ್ ಸ್ಟೇಷನ್ನಿಗೆ ಬರುತ್ತೇನೆ, ನೀನು ಬರುವುದಾದರೆ. ಆಡಿನ ಚೀಸು, ಬ್ರೆಡ್ಡು ಕಟ್ಟಿಕೊಂಡು ಹೋಗಿ, ಆ ಒಂದು ದಾರಿ ಇಳಿದು ಬರೋಣ. ಸಂಜೆಯ ರೈಲಿಗೆ ನೀನು ದಿಯೆಪ್‌ಗೆ ಹಿಂತಿರುಗಬಹುದು, ಹೋಗಬೇಡ ಎನ್ನುವುದಿಲ್ಲ. ಸೈಕಲ್ಲಿನ ಮೇಲೆ ಎಂದಿನಂತೆ ಪ್ರಾಸವನ್ನೂ ಕಟ್ಟುವುದಿಲ್ಲ, ಅದು ನಿನಗೆ ತ್ರಾಸವೆಂದು ಗೊತ್ತು. ನೋಡು, ಹೇಳುವಷ್ಟರಲ್ಲೇ ಕಟ್ಟಿಬಿಟ್ಟೆ.

ಅಲ್ಲಿ ಸಮುದ್ರದ ಗಾಳಿ ಬಲವಂತೆ. ಅದು ಯಾವತ್ತೂ ನಿನ್ನನ್ನು ಹಿಂದಿನಿಂದಲೇ ತಳ್ಳಲಿ, ಎದುರಾಗದಿರಲಿ. ಸರಪಳಿಗೆ ಎಣ್ಣೆ ಹಾಕಿಸು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಹೋಗು.

ನಿನ್ನ
ರೆಜಿಸ್

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ಕಲ್ಲಿನ ಶಿಲುಬೆಯ ಕವಲಿನಲ್ಲಿ ಇಬ್ಬರೂ ಮಾತಾಡಿಕೊಂಡೇ ಬೇರೆಯಾದೆವು, ನೀನು ಸ್ಟೇಷನ್ನಿನ ಕಡೆ ತಿರುಗಿದ್ದನ್ನು ನಾನೇ ನಿಂತು ನೋಡಿದೆ ಎಂದು ಬೆರ್ನಾಡೆತ್‌ಗೆ ಬಿಟ್ಟು ಉಳಿದವರಿಗೆಲ್ಲ ಹೇಳಿದ್ದೇನೆ. ಮಾರ್ತ್‌ಗೂ ಫೋನಿನಲ್ಲಿ ಹಾಗೆಯೇ ಹೇಳಿದೆ. ಅದು ನಿಜವಲ್ಲ. ಕವಲು ದಾಟಿದ ಮೇಲೆ ನಾನೊಂದು ಪ್ರಾಸ ಕಟ್ಟಿದೆ: ಏರು ಹತ್ತಿದವರಿಗೆ ಸಾರು, ಹತ್ತದವರಿಗೆ ಬರೀ ನೀರು. ನೀನು ನಗಲಿಲ್ಲ. ಏದುಸಿರು ಬಂದಿರಬೇಕು ಎಂದುಕೊಂಡು, ನಿನಗೋಸ್ಕರ ನಿಧಾನ ಮಾಡಿದೆ. ಸ್ಮಶಾನದ ನಲ್ಲಿಯ ಹತ್ತಿರ ಇಳಿದು, ಯಾವಾಗಲೂ ಮಾಡುವ ಹಾಗೆ, ತಿರುಗದೆಯೇ ಕೈ ಹಿಂದೆ ಚಾಚಿದೆ, ಮೊದಲು ನಿನ್ನ ಬಾಟಲಿ ತುಂಬಿಸೋಣವೆಂದು. ಕೈ ಹಾಗೆಯೇ ಇತ್ತು. ಆಗ ಗೊತ್ತಾಯಿತು. ಕವಲಿನಿಂದ ಅಲ್ಲಿಗೆ ಎರಡು ಊರು, ಒಂದು ಏರು. ಅಷ್ಟು ದೂರವೂ ದಾರಿಯ ಗುಂಡಿಗಳನ್ನೆಲ್ಲ ನಿನಗೆ ತೋರಿಸಿಕೊಂಡು ಬಂದಿದ್ದೆ, ಓಡೀಲ್. ಒಂದನ್ನೂ ಬಿಟ್ಟಿರಲಿಲ್ಲ.