ರೇಲಿಂಗ್ ತುದಿಯ ಗಿಣಿ

ಮಾರೇಶ,

ನಾನು ಕೆಲಸಕ್ಕೆ ತೆಲಿಗಿ ಊರಿನ ಬಸ್ಸಿಗೆ ಹೊಂಟೀನಿ. ನಿಮ್ಮಣ್ಣಗ ಡಬ್ಬಿ ಕಟ್ಟೀನಿ, ಬುಟ್ಟಿಯೊಳಗಿನ ರೊಟ್ಟಿ ನಿನಗ. ಮೊದ್ಲು ಕೈ ತೊಳಕೋ. ನಿನ್ನೆ ಹಿಟ್ಟಿನ್ಯಾಗೂ ನಿನ್ನ ಕಟಿಗಿ ಪುಡಿ ಇತ್ತು.

ಒಂದು ತಪ್ಪು ಮಾಡೀನಿ, ಎದುರಿಗೆ ಹೇಳಾಕ ನಾಚಿಕಿ. ಮೆಟ್ಟಿಲ ರೇಲಿಂಗ್ ತುದಿಗೆ ನೀ ಕೆತ್ತಿದ ಗಿಣಿ ಐತಲ್ಲ, ಅದರ ಕೊಕ್ಕಿಗೆ ದಿನಾ ನನ್ನ ಸೆರಗು ಸಿಗತಿತ್ತು. ನಿನ್ನೆ ಸಿಟ್ಟು ಬಂದು ಸ್ಯಾಂಡ್ ಪೇಪರ್ ತಗೊಂಡು ತಿಕ್ಕಿ ತಿಕ್ಕಿ ಸಪಾಟು ಮಾಡಿಬಿಟ್ಟೆ. ಮೂರು ತಿಂಗಳು ಬಳ್ಳಿ, ಗಿಣಿ ಅಂತ ಕುಂತಾನ ಅಂತ ನಿನ್ನ ಬೈದಾಕಿನೂ ನಾನೇ.

ಇವತ್ತು ಬೆಳಿಗ್ಗೆ ನಿಮ್ಮವ್ವ ಮ್ಯಾಲಿನ ಕೋಣಿಯಿಂದ ಒಬ್ಬರೇ ಇಳಿದು ಬಂದ್ರು. ಕಣ್ಣು ಮಂಜಾದ ಮ್ಯಾಲೆ ಎರಡು ವರ್ಷ ನನ್ನ ಭುಜ ಹಿಡಕೊಂಡೇ ಇಳೀತಿದ್ದವರು! ನಾ ಕೆಲಸಕ್ಕೆ ಹೋದಾಗ ರೇಲಿಂಗಿನ ಬಳ್ಳಿ ಸವರಕೋತ ದಿನಾ ಹಿಂಗೇ ಇಳೀತಾರಂತ. ಕೊನೀ ಮೆಟ್ಟಿಲಿಗೆ ಬಂದು, ಕಾಲು ಎತ್ತಿದವರು ಹಂಗೇ ನಿಂತುಬಿಟ್ರು.

"ಸುಮಂಗಲಾ, ಗಿಣಿ ಕೊಕ್ಕು ಕೈಗೆ ಸಿಗವಲ್ದು. ಅದು ಸಿಕ್ರ ಮೆಟ್ಟಿಲು ಮುಗೀತು ಅಂತ ಮಾರೇಶ ಹೇಳ್ಯಾನ" ಅಂದ್ರು.

ನಾ ಓಡಿ ಹೋಗಿ ಕೈ ಹಿಡದೆ.

ಇವತ್ತೇ ಇನ್ನೊಂದು ಕೊಕ್ಕು ಮಾಡಿ ಕೂಡಿಸಪ್ಪ. ಅಲ್ಲೀತನಕ ಅವರ ಕೈಗೆ ಸಿಗಲಿ ಅಂತ ಗಿಣಿ ಕೊರಳಿಗೆ ನನ್ನ ಕುಪ್ಪಸದ ಚೂರು ಕಟ್ಟೀನಿ, ಬಿಚ್ಚಬ್ಯಾಡ. ಹೊರಗ ಬಿಸಲಾಗ ಕುಂದ್ರಬ್ಯಾಡ, ಅಡಿಗಿಮನಿಯಾಗೇ ಕುಂತು ಕೆತ್ತು.

ಪುಡಿ ಎಷ್ಟಾರ ಬೀಳಲಿ, ಬಂದು ನಾ ಕಸ ಹೊಡೀತೀನಿ.

ಅತ್ತಿಗಿ