ನೆಲ ಮುಟ್ಟಿದ ನರ್ತಕಿ

ಹಿಮಾಯತ್‌ನಗರ, ಹೈದರಾಬಾದ್
ಮಂಗಳವಾರ

ಕಾವ್ಯಾಳಿಗೆ ಅಕ್ಕನ ಆಶೀರ್ವಾದ.

ಹೊಸ ಬ್ಯಾಲೆ ಸಿನಿಮಾದ ಒಂದು ದೃಶ್ಯವನ್ನು ಶುಕ್ರವಾರದಿಂದ ಕತ್ತರಿಸುತ್ತಾರಂತೆ. ಇವತ್ತಿನ ಪತ್ರಿಕೆಯಲ್ಲಿ ನಿರ್ದೇಶಕರೇ ಹೇಳಿದ್ದಾರೆ. ಕಥೆ ಯುರೋಪಿನ ಹೆಸರಾಂತ ನರ್ತಕಿಯದು. ವೇದಿಕೆಗೆ ಬಂದವಳು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಆ ದೇಶದಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಎಂದು ವಿಮರ್ಶಕರು ತೋರಿಸಿಕೊಟ್ಟಿದ್ದರು. ಅವರು ಹೇಳಿದ್ದು ಸರಿ.

ಆದರೆ ನಾಯಕಿಗೆ ಬ್ಯಾಲೆ ಬರುವುದಿಲ್ಲ. ಅಳುವುದೆಲ್ಲ ಅವಳ ಮುಖ, ಕುಣಿಯುವುದೆಲ್ಲ ಬೇರೊಬ್ಬಳ ಬೆನ್ನು. ಕುಣಿದವಳ ಹೆಸರು ಕೊನೆಯಲ್ಲೂ ಬರಲಿಲ್ಲ. ದೊಡ್ಡ ನರ್ತಕಿಯನ್ನು ಹೀಗೆ ಎರಡು ಹೋಳು ಮಾಡಿ ತೋರಿಸುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಈ ಸಲ ನೆಲ ಮುಟ್ಟಿದ ಆ ಬೆನ್ನನ್ನಷ್ಟೇ ನೋಡುತ್ತ ಕುಳಿತೆ.

ಜೊತೆಗೆ ಬಂದಿದ್ದ ಪಕ್ಕದ ಮನೆಯ ಶಿವದೇವಿ, "ಹೀರೋಯಿನ್ ಭಾಳ ಚಲೋ ಕುಣದಾಳ್ರಿ ಅಕ್ಕೋರ," ಎಂದಳು.

"ಅಕಿ ಅಲ್ಲ, ನಮ್ಮ ತಂಗಿ," ಎಂದೆ.

"ಮುಖಾನ ಕಾಣಲಿಲ್ಲಲ್ರಿ. ಬೆನ್ನ ನೋಡಿ ಹೆಂಗ ಹೇಳತೀರಿ?"

"ನೆಲಕ್ಕ ನಮಸ್ಕಾರ ಮಾಡಲಾರದ ಹೆಜ್ಜಿ ಇಡಬ್ಯಾಡ ಅಂತ ಅಕಿಗೆ ಕಲಿಸಿದಾಕಿ ನಾನ."

ಅವ್ವ ಹೋದಮೇಲೆ ನಿನ್ನ ಫೋನ್ ನಂಬರ್ ಬದಲಾಗಿದೆ. ಈ ಪತ್ರವನ್ನು ಮುಂಬೈಯ ನಿನ್ನ ಹಳೆಯ ನೃತ್ಯಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಕೈಸೇರಿದರೆ ಹೊಸ ನಂಬರ್ ಕಳಿಸು. ಮೊಣಕಾಲಿನ ನೋವು ಹೇಗಿದೆ, ಅದನ್ನೂ ಬರೆ. ನನಗೇನೂ ತೊಂದರೆ ಇಲ್ಲ. ಅಡುಗೆ ಒಬ್ಬಳಿಗೇ ಆದ್ದರಿಂದ ಬೇಗ ಮುಗಿಯುತ್ತದೆ.

ಆ ದೃಶ್ಯ ಇರುವ ಕೊನೆಯ ಆಟ ಗುರುವಾರ ಸಂಜೆ ಆರೂವರೆಗೆ, ದಿಲ್‌ಸುಖ್‌ನಗರದಲ್ಲಿ. ನಾನು ಹೋಗುತ್ತೇನೆ.

ಇಂತಿ,
ರೇಣುಕಾ